ಅಂಗಿಯ ಮೇಲಿನ ಕಿಟಕಿ

ಅಚ್ಚುಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಭೂತಗನ್ನಡಿ ಎಂದು. ಕಪ್ಪು ದಾರಕ್ಕೆ ಪೋಣಿಸಿದ ಒಂದು ದುಂಡನೆಯ ಗಾಜು ಸದಾ ಅವಳ ಕೊರಳಲ್ಲಿ ತೂಗಾಡುತ್ತಿತ್ತು. ಬೆಳಗ್ಗೆ ಒಂಬತ್ತಕ್ಕೆ ಉದ್ದನೆಯ ಮೇಜಿನ ಮುಂದೆ ನಿಂತಳೆಂದರೆ ಸಂಜೆ ಆರರವರೆಗೆ ಒಂದೇ ಕೆಲಸ. ಅಚ್ಚಾಗಿ ಒಣಗಿ ಬಂದ ಟೀ ಶರ್ಟುಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿಯಬೇಕು, ಅಕ್ಷರದ ಅಂಚು ಒಡೆದಿದೆಯೇ, ಬಣ್ಣ ಹರಿದಿದೆಯೇ, ಎಲ್ಲಾದರೂ ಸಾಸಿವೆಕಾಳಿನಷ್ಟು ಚುಕ್ಕೆ ಬಿದ್ದಿದೆಯೇ ಎಂದು ನೋಡಬೇಕು, ಸರಿಯಿದ್ದದ್ದನ್ನು ಬಲಕ್ಕೆ, ಕೆಟ್ಟದ್ದನ್ನು ಎಡಕ್ಕೆ ಹಾಕಬೇಕು.

“ಸಂಶಯ ಪಟ್ಟಿದ್ದಕ್ಕೆ ಸಂಬಳ ಕೊಡೋ ಕೆಲಸ ಲೋಕದಲ್ಲಿ ಎರಡೇ,” ಎಂದು ಅಚ್ಚುಮನೆಯ ಮೇಸ್ತ್ರಿ ಹೇಳುತ್ತಿದ್ದ. “ಒಂದು ಪೊಲೀಸರದ್ದು, ಇನ್ನೊಂದು ನಿಂದು ತಂಗಿ.”

ಆ ಗಾಜು ಮೊದಲು ಅವಳ ಗಂಡನದಾಗಿತ್ತು. ಅವನು ಅದೇ ಅಚ್ಚುಮನೆಯಲ್ಲಿ ಹತ್ತೊಂಬತ್ತು ವರ್ಷ ಇಂಕು ಎಳೆದವನು. ಮರದ ಚೌಕಟ್ಟಿಗೆ ಬಿಗಿದ ಜಾಲರಿ ಬಟ್ಟೆಯ ಮೇಲೆ ರಬ್ಬರ್ ಪಟ್ಟಿ ಹಿಡಿದು, ಒಮ್ಮೆ ಅತ್ತ ಒಮ್ಮೆ ಇತ್ತ ಎಳೆಯುತ್ತಲೇ ಆಯಸ್ಸು ಕಳೆದು, ಒಂದು ಮಧ್ಯಾಹ್ನ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ತಿಂಗಳ ನಂತರ ಮೇಸ್ತ್ರಿ ಇವಳನ್ನು ಕರೆದು ಬಟ್ಟೆ ಮಡಚುವ ಕೆಲಸ ಕೊಟ್ಟ. ಮೂರನೆಯ ದಿನವೇ ಇವಳು, ನಾಲ್ಕು ಜನರ ಕಣ್ಣು ದಾಟಿ ಬಂದಿದ್ದ ಅಂಗಿಯೊಂದರಲ್ಲಿ ಒಂದು ಅಕ್ಷರದ ಬಾಲ ಕಾಣೆಯಾಗಿದ್ದನ್ನು ಹಿಡಿದಳು. ಅಂದಿನಿಂದ ಮಡಚುವ ಕೆಲಸ ಹೋಗಿ ನೋಡುವ ಕೆಲಸ ಬಂತು. ದೇವರು ಒಂದು ಕಡೆ ಕಿತ್ತುಕೊಂಡು ಇನ್ನೊಂದು ಕಡೆ ಕೊಟ್ಟನೋ ಅಥವಾ ಮೇಸ್ತ್ರಿಯ ಒಳ್ಳೆಯತನವೋ ಎಂದು ಅವಳು ಬಹಳ ದಿನ ಯೋಚಿಸಿದ್ದಳು. ಅಷ್ಟು ಸುಲಭವಾಗಿ ಯಾರ ಒಳ್ಳೆಯತನವನ್ನೂ ಅವಳು ನಂಬುವವಳಲ್ಲ.

ವರ್ಷಕ್ಕೊಮ್ಮೆ ಅಚ್ಚುಮನೆಗೆ ದೊಡ್ಡ ಕೆಲಸ ಬರುತ್ತಿದ್ದದ್ದು ವಿಶ್ವವಿದ್ಯಾಲಯದಿಂದ. ವಿದ್ಯಾರ್ಥಿಗಳಲ್ಲೇ ಚಿತ್ರಸ್ಪರ್ಧೆ ಇಟ್ಟು, ವಿಶ್ವವಿದ್ಯಾಲಯವನ್ನೂ ಅದಿರುವ ನಗರವನ್ನೂ ಸೇರಿಸಿ ಚೆಂದ ಬರೆದವರ ಚಿತ್ರವನ್ನು ಸಾವಿರ ಟೀ ಶರ್ಟುಗಳ ಮೇಲೆ ಹಾಕಿಸುತ್ತಿದ್ದರು. ಒಂದು ವರ್ಷ ಸೇತುವೆಯ ಕಮಾನುಗಳೇ ಅಕ್ಷರಗಳಾಗಿದ್ದವು. ಇನ್ನೊಂದು ವರ್ಷ ಗಡಿಯಾರ ಗೋಪುರಕ್ಕೆ ಕನ್ನಡಕ ಹಾಕಿಸಿದ್ದರು. ಮತ್ತೊಂದು ವರ್ಷ ಊರಿನ ಬಸ್ಸುಗಳ ದಾರಿಯನ್ನೆಲ್ಲ ಗೆರೆ ಎಳೆದು, ಅದು ತೆರೆದ ಪುಸ್ತಕದ ಹಾಗೆ ಕಾಣುವಂತೆ ಮಾಡಿದ್ದರು.

“ಇವರಿಗೆ ಊರಿನ ಮೇಲೆ ಎಷ್ಟು ಪ್ರೀತಿ ನೋಡು,” ಎಂದು ಮೇಸ್ತ್ರಿ ಹೇಳಿದರೆ ಅವಳು ಗಾಜಿನಿಂದ ಕಣ್ಣು ತೆಗೆಯದೆ ಉತ್ತರ ಕೊಡುತ್ತಿದ್ದಳು.

“ರೈಲಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕೋರಿಗೆ ಆ ಸೀಟಿನ ಮೇಲೂ ಪ್ರೀತಿ ಇರುತ್ತೆ ಅಣ್ಣ. ಇಳಿಯುವಾಗ ಟವೆಲ್ ಎತ್ತಿಕೊಂಡು ಹೋಗ್ತಾರೆ, ಸೀಟನ್ನಲ್ಲ.”

ಈ ವರ್ಷದ ಚಿತ್ರ ಕಡುನೀಲಿ ಬಟ್ಟೆಯ ಮೇಲೆ ಹಳದಿ ಒಂದೇ ಬಣ್ಣದಲ್ಲಿತ್ತು. ಒಂದು ಬೀದಿ. ಅದರುದ್ದಕ್ಕೂ ಕಟ್ಟಡಗಳು ಕಪಾಟಿನಲ್ಲಿ ಜೋಡಿಸಿದ ಪುಸ್ತಕಗಳ ಹಾಗೆ ಒತ್ತಿಕೊಂಡು ನಿಂತಿವೆ, ಅವು ಬೀಳದಂತೆ ಕೊನೆಯಲ್ಲಿ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಆತುಕೊಂಡಿದೆ. ಎಲ್ಲ ಕಿಟಕಿಗಳಲ್ಲೂ ದೀಪ. ಒಂದೊಂದು ಕಿಟಕಿಯೂ ಉಗುರಿನಷ್ಟು. ಕೆಳಗೆ ಒಂದು ಸಾಲು: ‘ಇಲ್ಲಿ ದೀಪ ಹಚ್ಚಿದವರೆಲ್ಲ ನಮ್ಮವರೇ.’

ಪರೀಕ್ಷೆಗೆಂದು ಮೊದಲು ಒಂದು ತುಂಡು ಬಟ್ಟೆಯ ಮೇಲೆ ಅಚ್ಚೊತ್ತಿ ಅವಳ ಮೇಜಿಗೆ ಬಂತು. ಅವಳು ಎಡದ ಮೂಲೆಯಿಂದ ಶುರುಮಾಡಿದಳು. ಕೆಲವು ಕಿಟಕಿ ಬರೀ ಹಳದಿ. ಒಂದರಲ್ಲಿ ಹೂಕುಂಡ, ಒಂದರಲ್ಲಿ ಬೆಕ್ಕು, ಒಂದರಲ್ಲಿ ಪುಸ್ತಕದ ಮೇಲೆ ತಲೆಯಿಟ್ಟು ಮಲಗಿದ ಹುಡುಗ. ನೆಲದ ಸಾಲು ಬಿಟ್ಟು ಮೇಲಿನ ಮೂರನೇ ಸಾಲು, ಐದನೇ ಕಿಟಕಿಗೆ ಬಂದಾಗ ಅವಳ ಕೈ ನಿಂತಿತು.

ಆ ಕಿಟಕಿಯ ಗಾಜು ಒಡೆದಿತ್ತು. ಒಡೆದಲ್ಲಿ ಅಡ್ಡಲಾಗಿ ಎರಡು ಪಟ್ಟಿ ಅಂಟಿಸಿದ್ದರು, ಗುಣಾಕಾರದ ಗುರುತಿನ ಹಾಗೆ. ಅಂಚಿನಲ್ಲಿ ಒಂದು ಎಣ್ಣೆ ಡಬ್ಬ, ಒಂದು ಪಕ್ಕ ನೆಗ್ಗಿದ್ದು, ಅದರಲ್ಲಿ ಮೂರೇ ಎಲೆಯ ಗಿಡ. ಒಳಗೆ ಇಬ್ಬರು ಹೆಂಗಸರು. ಒಬ್ಬಳು ಕೂತಿದ್ದಾಳೆ, ಇನ್ನೊಬ್ಬಳು ಹಿಂದೆ ನಿಂತು ಅವಳ ತಲೆ ಬಾಚುತ್ತಿದ್ದಾಳೆ.

ಒಡೆದ ಗಾಜಿಗೆ ಆ ಪಟ್ಟಿ ಅಂಟಿಸಿದವಳು ಅವಳೇ. ಡಬ್ಬ ನೆಗ್ಗಿದ್ದೂ ಅವಳ ಕೈಯಿಂದ ಜಾರಿಯೇ.

ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಚೀಲಕ್ಕೆ ಹಾಕಿಕೊಂಡಳು. ಕಿಟಕಿಯಲ್ಲಿ ಇಬ್ಬರಿದ್ದದ್ದು ಸುಳ್ಳಲ್ಲ. ಆದರೆ ಅದು ಯಾರಿಗೂ ತಿಳಿಯಬಾರದ ನಿಜವಾಗಿತ್ತು.

ಅವಳಿದ್ದ ಕಟ್ಟಡದ ಒಡತಿಯನ್ನು ಬೀದಿಯವರು ಬೀಗದಮ್ಮ ಎನ್ನುತ್ತಿದ್ದರು. ಸೊಂಟದಲ್ಲಿ ಬೀಗದಕೈಗಳ ದೊಡ್ಡ ಗೊಂಚಲು, ನಡೆದರೆ ಗೂಡ್ಸ್ ರೈಲು ಬಂದ ಸದ್ದು. ಕೆಳಗಿನ ಮನೆಯ ಬಾಗಿಲನ್ನು ಗೇಣಗಲ ತೆರೆದಿಟ್ಟು, ಹತ್ತುವವರ ಇಳಿಯುವವರ ಕಾಲು ನೋಡುತ್ತ ಕೂರುವುದು ಅವಳ ದಿನಚರಿ. ಮೆಟ್ಟಿಲ ಬುಡದ ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದ್ದಳು: ‘ಒಂದು ಕೋಣೆಗೆ ಒಬ್ಬರು.’ ಅದಕ್ಕೊಂದು ಕತೆಯೂ ಇತ್ತು. ಹಿಂದೆ ಯಾರೋ ಒಬ್ಬಳು ವಾರದ ಮಟ್ಟಿಗೆ ಎಂದು ತಂಗಿಯನ್ನು ಕರೆತಂದಳಂತೆ. ತಂಗಿಯ ಹಿಂದೆ ತಂಗಿಯ ಗಂಡ ಬಂದ, ಅವನ ಹಿಂದೆ ಮೂರು ಮಕ್ಕಳು, ಒಂದು ಹೊಲಿಗೆ ಯಂತ್ರ, ಕೊನೆಗೆ ಒಂದು ಗಿಣಿ. ಗಿಣಿ ಬಂದ ದಿನವೇ ಎಲ್ಲರನ್ನೂ ಸಾಮಾನು ಸಮೇತ ಬೀದಿಗೆ ಇಳಿಸಿದಳು ಬೀಗದಮ್ಮ. ಆಮೇಲೆ ನಿಯಮ ಮುರಿದವರಿಲ್ಲ, ಭೂತಗನ್ನಡಿಯೊಬ್ಬಳನ್ನು ಬಿಟ್ಟು.

ಅತ್ತೆ ಬಂದು ಹದಿನಾಲ್ಕು ತಿಂಗಳಾಗಿತ್ತು. ದೊಡ್ಡ ಮಗನ ಮನೆಯಲ್ಲಿದ್ದ ಮುದುಕಿ. ಅಲ್ಲಿ ಅವಳ ಕೋಣೆಗೆ ಹೊಸ ಕಪಾಟು ಬಂದು, ಅವಳ ಹಾಸಿಗೆ ಮನೆಯೊಳಗೇ ಬಚ್ಚಲಿನ ಪಕ್ಕದ ಓಣಿಯಂಥ ಸಂದಿಗೆ ಹೋಗಿತ್ತು. ಒಂದು ಸಂಜೆ ಚೀಲ ಹಿಡಿದು ಮೂರು ಮಹಡಿ ಹತ್ತಿ ಬಂದು, “ಒಂದು ವಾರ ಇರ್ತೀನಿ ಕಣೇ,” ಎಂದಳು. ಆ ಹೊತ್ತಿಗೆ ಬೀಗದಮ್ಮ ಅಂಗಡಿಗೆ ಹೋಗಿದ್ದಳು. ಆ ವಾರ ಮುಗಿಯಲೇ ಇಲ್ಲ, ಸೊಸೆ ಮುಗಿಸಲೂ ಇಲ್ಲ. ಗಂಡ ಬದುಕಿದ್ದಾಗ ಇಬ್ಬರಿಗೂ ಅಷ್ಟಕ್ಕಷ್ಟೇ. ಅವನು ಹೋದ ಮೇಲೆ, ಅವನ ಬಗ್ಗೆ ಮಾತಾಡಲು ಇಬ್ಬರಿಗೂ ಲೋಕದಲ್ಲಿ ಬೇರೆ ಯಾರೂ ಉಳಿದಿರಲಿಲ್ಲ.

ಹಾಗಾಗಿ ಬಾಗಿಲ ಹೊರಗೆ ಒಂದೇ ಜೊತೆ ಚಪ್ಪಲಿ. ಬಟ್ಟೆ ಒಣಗುವುದು ಒಳಗೆ. ಹಗಲೆಲ್ಲ ಅತ್ತೆ ನಡೆಯುವುದು ದಪ್ಪ ಕಾಲುಚೀಲ ಹಾಕಿಕೊಂಡು. ಮಾತು ಕೇಳಿಸಿದರೆ ರೇಡಿಯೋ. ಅತ್ತೆಗೆ ಕೆಮ್ಮು ಹತ್ತಿದಾಗ ಅದಕ್ಕೂ ರೇಡಿಯೋವನ್ನೇ ಮುಂದೆ ಮಾಡಬೇಕಾಯಿತು.

“ನಾಟಕ ಬರ್ತಿದೆ ಅಮ್ಮ. ಅದರಲ್ಲಿ ಒಬ್ಬಳು ಕಾಯಿಲೆಯವಳ ಪಾತ್ರ,” ಎಂದಿದ್ದಳು ಮೆಟ್ಟಿಲಲ್ಲಿ ಬೀಗದಮ್ಮ ಕೇಳಿದಾಗ.

“ಬಹಳ ದಿನ ಆಯ್ತಲ್ಲ. ಇನ್ನೂ ಸತ್ತಿಲ್ವಾ ಆ ಪಾತ್ರ?”

“ಇಲ್ಲಮ್ಮ. ಮುಂದುವರೀತಾ ಇದೆ.”

ಬೀಗದಮ್ಮ ಏನೂ ಹೇಳದೆ ಬೀಗದಕೈ ಎಣಿಸುತ್ತ ಒಳಗೆ ಹೋಗಿದ್ದಳು. ಆ ಮೌನವನ್ನು ಇವಳು ಎಷ್ಟೋ ದಿನ ಗಾಜಿನಡಿ ಹಿಡಿದ ಹಾಗೆ ತಿರುಗಿಸಿ ನೋಡಿದ್ದಳು.

ಅತ್ತೆಯದು ಒಂದೇ ಹಟ. ದಿನಕ್ಕೊಮ್ಮೆಯಾದರೂ ಆಕಾಶ ಕಾಣಬೇಕು. ಹಾಗಾಗಿ ಬೆಳಗ್ಗೆ ಐದಕ್ಕೆ, ಬೀದಿ ಏಳುವ ಮೊದಲು, ಪರದೆ ಸರಿಸಿ, ದೀಪ ಹಚ್ಚಿ, ಕಿಟಕಿಯ ಬಳಿ ಕೂರಿಸಿ ಸೊಸೆ ತಲೆ ಬಾಚುತ್ತಿದ್ದಳು. ಅರ್ಧ ಗಂಟೆ, ಅಷ್ಟೇ.

ಆ ಅರ್ಧ ಗಂಟೆಯನ್ನು ಯಾರೋ ಕದ್ದಿದ್ದರು.

ಆ ಸಂಜೆ ತುಂಡು ಬಟ್ಟೆಯನ್ನು ಅತ್ತೆಯ ತೊಡೆಯ ಮೇಲೆ ಹರಡಿ ಗಾಜು ಕೈಗೆ ಕೊಟ್ಟಳು. ಅತ್ತೆ ಬಹಳ ಹೊತ್ತು ನೋಡಿದಳು.

“ನನ್ನ ಜಡೆ ಇಷ್ಟು ಸಣ್ಣಗಿದೆಯಾ?”

“ಅತ್ತೆ, ಜಡೆ ಬಿಡಿ. ಯಾರೋ ನಮ್ಮನ್ನ ನೋಡ್ತಿದ್ದಾರೆ.”

“ನೋಡಲಿ. ಹದಿನಾಲ್ಕು ತಿಂಗಳಿಂದ ನನ್ನ ಮುಖ ನೋಡಿದವಳು ನೀನೊಬ್ಬಳೇ. ನೀನು ನೋಡೋದೂ ಬಟ್ಟೆ ನೋಡಿದ ಹಾಗೆ, ಎಲ್ಲಿ ತೂತು ಬಿದ್ದಿದೆ ಅಂತ.”

“ಇದೇ ಸಾವಿರ ಅಂಗಿ ಮೇಲೆ ಬರುತ್ತೆ. ಬೀಗದಮ್ಮನಿಗೆ ಒಂದು ಸಿಕ್ಕಿದರೆ ಏನಾಗುತ್ತೆ ಗೊತ್ತಾ? ಗಿಣಿಗಾದ ಗತಿ ನಮಗೆ. ನಾನು ಎಲ್ಲಾದರೂ ಒಂದು ಮೂಲೆ ಹುಡುಕ್ತೀನಿ. ನೀವು?”

ಅತ್ತೆ ಗಾಜನ್ನು ಕೆಳಗಿಟ್ಟಳು. ಬಚ್ಚಲಿನ ಪಕ್ಕದ ಆ ಓಣಿಯ ಹೆಸರನ್ನು ಇಬ್ಬರೂ ಎತ್ತಲಿಲ್ಲ.

“ಸಾವಿರ ಅಂಗಿ ಅಂದೆಯಾ?” ಅತ್ತೆ ಕೇಳಿದಳು.

“ಸಾವಿರ.”

“ನಿನ್ನ ಮಾವನಿಗೆ ನನ್ನ ಒಂದು ಫೋಟೋ ತೆಗೆಸೋಕೆ ಪುರುಸೊತ್ತಿರಲಿಲ್ಲ,” ಎಂದು ಅತ್ತೆ ಬಟ್ಟೆಯನ್ನು ಜೋಪಾನವಾಗಿ ಮಡಚಿ ತಲೆದಿಂಬಿನ ಕೆಳಗಿಟ್ಟುಕೊಂಡಳು.

ಮರುದಿನ ಬೆಳಗ್ಗೆ ಸೊಸೆ ಪರದೆ ಸರಿಸಲಿಲ್ಲ. ಅತ್ತೆಯ ಗೊಣಗಾಟದ ನಡುವೆ, ಪರದೆಯ ಸಂದಿಗೆ ಒಂದು ಕಣ್ಣು ಹಚ್ಚಿ ಕಾದಳು. ಎದುರಿಗೆ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯರ ಹಾಸ್ಟೆಲ್. ನಾಲ್ಕನೇ ಮಹಡಿಯ ಮೊಗಸಾಲೆಯಲ್ಲಿ ಒಬ್ಬ ಹುಡುಗಿ, ಕೈಯಲ್ಲಿ ಪುಸ್ತಕ, ಹೆಗಲಿಗೆ ಶಾಲು. ಅವಳು ಓದುತ್ತಿರಲಿಲ್ಲ. ಇವಳ ಕಿಟಕಿಯನ್ನೇ ನೋಡುತ್ತ ನಿಂತಿದ್ದಳು. ನೋಡಿ ನೋಡಿ, ಏನೋ ಕಳೆದುಕೊಂಡವಳ ಹಾಗೆ ಒಳಗೆ ಹೋದಳು.

ಅಷ್ಟರ ಮೇಲೆ, ಕೆಲಸಕ್ಕೆ ಹೊರಟಾಗ ಗೇಟಿನ ಬಳಿ ಕಂಡದ್ದೇನು? ಅದೇ ಹುಡುಗಿ ಬೀಗದಮ್ಮನ ಜೊತೆ ಮಾತಾಡುತ್ತಿದ್ದಾಳೆ. ಹುಡುಗಿ ಕೈ ಮೇಲೆತ್ತಿ ಮೂರನೇ ಮಹಡಿಯ ಕಡೆ ತೋರಿಸಿದಳು. ಬೀಗದಮ್ಮ ತಲೆಯಾಡಿಸಿದಳು. ಇವಳನ್ನು ಕಂಡದ್ದೇ ಇಬ್ಬರ ಮಾತೂ ನಿಂತಿತು.

“ಇವತ್ತು ತಡವಾಯ್ತಲ್ಲಮ್ಮ ನಿಂಗೆ,” ಎಂದಳು ಬೀಗದಮ್ಮ.

“ಇಲ್ಲಮ್ಮ, ದಿನದ ಹೊತ್ತೇ.”

“ಹೌದಾ. ದೀಪ ಕಾಣಲಿಲ್ಲ, ಅದಕ್ಕೆ ಅಂದೆ.”

ದಾರಿಯುದ್ದಕ್ಕೂ ಆ ಮಾತು ಚಪ್ಪಲಿಗೆ ಸಿಕ್ಕ ಕಲ್ಲಿನ ಹಾಗೆ ಚುಚ್ಚಿತು. ದೀಪ ಕಾಣಲಿಲ್ಲವಂತೆ. ಹಾಗಾದರೆ ದಿನಾ ಕಾಣುತ್ತಿತ್ತೇ? ಕೆಳಗಿನ ಮನೆಯಿಂದ ಮೂರನೇ ಮಹಡಿಯ ಕಿಟಕಿ ಕಾಣಬೇಕೆಂದರೆ ಬೀದಿಗೆ ಬಂದು ಕತ್ತೆತ್ತಿ ನಿಲ್ಲಬೇಕು. ಎಳೆಗೆ ಎಳೆ ಸೇರಿಸುತ್ತ ಹೋದಳು. ಮಂಡಿ ನೋವಿನ ಬೀಗದಮ್ಮ ಮೇಲೆ ಹತ್ತಲಾರಳು. ತಾನು ನೋಡಲಾಗದ್ದನ್ನು ನೋಡಲು ಒಂದು ಎಳೆಗಣ್ಣಿನ ಹುಡುಗಿಯನ್ನು ಇಟ್ಟಿದ್ದಾಳೆ. ಹುಡುಗಿ ನೋಡಿದ್ದಾಳೆ, ಬರೆದಿದ್ದಾಳೆ. ಇನ್ನು ಸಾಕ್ಷಿ ಅಚ್ಚಾಗಬೇಕು. ಅಚ್ಚಾದದ್ದನ್ನು ಸರಿಯಿದೆ ಎಂದು ಬಲಕ್ಕೆ ಎತ್ತಿಡಬೇಕಾದವಳು ತಾನೇ. ಇಂಥ ಹೆಣಿಗೆ ಮನುಷ್ಯರಿಗೆ ಹೊಳೆಯುತ್ತದೆಯೇ ಎಂದು ಒಂದು ಗಳಿಗೆ ಅವಳಿಗೇ ಅನುಮಾನ ಬಂತು. ಆದರೆ ಬಟ್ಟೆ ಎಷ್ಟು ಚೆನ್ನಾಗಿ ಕಂಡರೆ ಅಷ್ಟು ಹತ್ತಿರ ಹಿಡಿದು ಸಂಶಯಪಡಬೇಕೆಂಬುದು ಅವಳ ಕಸುಬಿನ ಪಾಠ.

ಹತ್ತು ಗಂಟೆಗೆ ಅದೇ ಹುಡುಗಿ ಅಚ್ಚುಮನೆಗೆ ಬಂದಳು, ಮಾದರಿ ಅಂಗಿ ನೋಡಿ ಒಪ್ಪಿಗೆ ಕೊಡಲು. ಮೇಸ್ತ್ರಿ ಸಂಭ್ರಮದಿಂದ ಪರಿಚಯ ಮಾಡಿಸಿದ.

“ಇವರೇ ಚಿತ್ರ ಬರೆದೋರು. ಇವಳು ನಮ್ಮ ಭೂತಗನ್ನಡಿ. ಇವಳ ಕಣ್ಣು ದಾಟಿದ ಅಂಗಿ ದೇವರ ಕಣ್ಣನ್ನೂ ದಾಟುತ್ತೆ.”

ಹುಡುಗಿ ನಕ್ಕಳು. ಆಮೇಲೆ ಇವಳ ಮುಖವನ್ನು ಅಗತ್ಯಕ್ಕಿಂತ ಒಂದು ಉಸಿರು ಹೆಚ್ಚು ನೋಡಿದಳು. “ಆಂಟಿ, ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆ.”

“ನನ್ನಂಥ ಮುಖ ಊರ ತುಂಬ ಇದೆ.”

“ಇಲ್ಲ, ನೀವು ನಿಲ್ಲೋ ರೀತಿ.”

“ನಿಂತು ಕೆಲಸ ಮಾಡೋರೆಲ್ಲ ಹೀಗೇ ನಿಲ್ಲೋದು. ಈ ಕಿಟಕಿಗಳೆಲ್ಲ ನೀನು ಕಂಡಿದ್ದಾ, ತಲೆಯಿಂದ ಬರೆದಿದ್ದಾ?”

“ಕೆಲವು ಕಂಡಿದ್ದು. ಕೆಲವು ಸುಮ್ಮನೆ.”

“ಕಂಡಿದ್ದು ಯಾವುದು?”

ಹುಡುಗಿ ಕೆಂಪಾಗಿ, “ಅದನ್ನ ಹೇಳಬಾರದು ಆಂಟಿ,” ಎಂದು ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿ ಹೊರಟುಹೋದಳು. ಹೇಳಬಾರದಂತೆ. ಯಾರು ಹೇಳಬಾರದು ಅಂದದ್ದು?

ಆ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದರು. ಚಿತ್ರ ಮೂಡಿಸಿದ ಚೌಕಟ್ಟು ಮೇಜಿನ ಮೇಲೆ ಸಿದ್ಧವಾಗಿ ಮಲಗಿತ್ತು. ಅದರ ಜಾಲರಿಯಲ್ಲಿ ಇಂಕು ಇಳಿಯಬೇಕಾದ ಕಡೆ ಮಾತ್ರ ಸಣ್ಣ ಕಣ್ಣುಗಳು ತೆರೆದಿರುತ್ತವೆ, ಉಳಿದದ್ದೆಲ್ಲ ಮುಚ್ಚಿರುತ್ತದೆ. ಇಂಕು ಇಳಿಯಬಾರದ ಕಡೆ ಎಲ್ಲಾದರೂ ಸೂಜಿಮೊನೆಯಷ್ಟು ತೂತು ಉಳಿದರೆ ಅದನ್ನು ಮುಚ್ಚಲು ಒಂದು ಸೀಸೆಯಲ್ಲಿ ಹಸಿರು ಅಂಟು ಇರುತ್ತಿತ್ತು, ಒಂದು ಸಣ್ಣ ಕುಂಚವೂ. ತೂತು ಹುಡುಕಿ ಮುಚ್ಚುವುದು ಅವಳದೇ ಕೆಲಸ. ಅವಳು ಕುಂಚ ಹಿಡಿದು ನಿಂತದ್ದನ್ನು ಕಂಡರೆ ಯಾರೂ ಏನೂ ಕೇಳುತ್ತಿರಲಿಲ್ಲ.

ಕುಂಚವನ್ನು ಅಂಟಿನಲ್ಲಿ ಅದ್ದಿದಳು. ಇಷ್ಟು ವರ್ಷದಲ್ಲಿ ಒಳ್ಳೆಯ ಅಚ್ಚನ್ನು ಅವಳು ಕೈಯಾರೆ ಕೆಡಿಸಿದ್ದಿಲ್ಲ. ಗಂಡನ ಗಾಜು ಎದೆಗೆ ತಣ್ಣಗೆ ತಾಗಿತು. “ಸ್ವಾಮಿ, ನನಗೋಸ್ಕರ ಅಲ್ಲ,” ಎಂದು ಮನಸ್ಸಿನಲ್ಲೇ ಅಂದುಕೊಂಡಳು. ಅದು ಪೂರ್ತಿ ನಿಜವಲ್ಲ ಎಂದೂ ಅವಳಿಗೆ ಗೊತ್ತಿತ್ತು. ಮೂರನೇ ಸಾಲು, ಐದನೇ ಕಿಟಕಿ. ಎರಡು ಸಲ ಸವರಿದಳು. ಡಬ್ಬ, ಗಿಡ, ಜಡೆ, ಬಾಚಣಿಗೆ ಎಲ್ಲ ಹಸಿರಿನಡಿ ಮುಳುಗಿದವು.

ಮಾದರಿ ಒಪ್ಪಿಗೆಯಾಗಿದ್ದರಿಂದ ಯಾರೂ ಮತ್ತೆ ನೋಡಲಿಲ್ಲ. ನೋಡಬೇಕಾದವಳೇ ಮುಚ್ಚಿದವಳು. ಮರುದಿನ ಮುನ್ನೂರು ಅಂಗಿ ಅಚ್ಚಾದವು, ಒಂದೊಂದನ್ನೂ ಅವಳು ಬೆಳಕಿಗೆ ಹಿಡಿದು ಬಲಕ್ಕೆ ಹಾಕಿದಳು, ಸಂಜೆಯ ಗಾಡಿಯಲ್ಲಿ ಅವು ವಿಶ್ವವಿದ್ಯಾಲಯಕ್ಕೆ ಹೋದವು. ಉಳಿದವಕ್ಕೆ ಬಟ್ಟೆ ಬರುವುದು ಎರಡು ದಿನ ತಡವೆಂದು ಮೇಸ್ತ್ರಿ ಹೇಳಿದ. ಮನೆಗೆ ಬಂದು ಅವಳು ಅತ್ತೆಗೆ ವಿಷಯ ತಿಳಿಸಿದಳು.

“ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡೀತಂತೆ,” ಎಂದು ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದಳು. ಆ ಸಂಜೆ ರೇಡಿಯೋ ಹಾಕಬೇಕಾದ ಪ್ರಮೇಯವೇ ಬರಲಿಲ್ಲ.

ಅಂಗಿಗಳು ಬೀದಿಗೆ ಬಂದ ದಿನ ಬಸ್ಸಿನಲ್ಲಿ ಅವಳ ಎದುರು ಇಬ್ಬರು ವಿದ್ಯಾರ್ಥಿಗಳು ಕೂತಿದ್ದರು. ಒಬ್ಬ ಮೈಮೇಲಿನ ಅಂಗಿಯನ್ನು ಎಳೆದು ಹಿಡಿದುಕೊಂಡಿದ್ದ.

“ಎಲ್ಲಾ ಕಿಟಕಿಲೂ ದೀಪ ಇದೆ, ಇದೊಂದು ಯಾಕೋ ಕತ್ತಲೆ?”

“ಅಲ್ಲಿ ಯಾರೋ ಫೇಲಾಗಿರಬೇಕು.”

“ಏ, ಅದಲ್ಲ. ಏನೋ ಅರ್ಥ ಇದೆ. ಚಿತ್ರ ಬರೆದವಳು ಸುಮ್ಮನೆ ಬಿಡೋಳಲ್ಲ. ಮೂರನೇ ಮಹಡಿ, ಐದನೇದು. ಈ ಬೀದಿ ಹುಡುಗಿಯರ ಹಾಸ್ಟೆಲ್ ಎದುರಿನದೇ ಅಲ್ವಾ? ಹೋಗಿ ಎಣಿಸಿದ್ರೆ ಗೊತ್ತಾಗುತ್ತೆ.”

ಅವಳಿಗೆ ಆಗ ಹೊಳೆಯಿತು ಮಾಡಿದ ತಪ್ಪು. ನಲವತ್ತು ಬೆಳಕಿನ ಕಿಟಕಿಗಳ ನಡುವೆ ಅಕ್ಕಿಕಾಳಿನಷ್ಟು ಇಬ್ಬರು ಹೆಂಗಸರನ್ನು ಬರಿಗಣ್ಣಿನಿಂದ ಯಾರು ಕಾಣುತ್ತಿದ್ದರು? ಗಾಜು ಹಿಡಿದೇ ಲೋಕ ನೋಡುವ ತನಗೆ ಮಾತ್ರ ಅವರು ಆನೆಯಷ್ಟು ಕಂಡಿದ್ದರು. ಕತ್ತಲಾದ ಒಂದು ಕಿಟಕಿಯಾದರೆ ಮಾರು ದೂರದಿಂದಲೇ ಕಣ್ಣಿಗೆ ಹೊಡೆಯುತ್ತದೆ. ಕುಂಬಳಕಾಯಿ ಕಳ್ಳ ಎಂದು ಯಾರೂ ಕೂಗುವ ಮೊದಲೇ ಅವಳು ಹೆಗಲು ಮುಟ್ಟಿ ನೋಡಿಕೊಂಡಿದ್ದಳು. ಮುನ್ನೂರು ಸಲ.

ಅಚ್ಚುಮನೆಯಲ್ಲಿ ಹುಡುಗಿ ಆಗಲೇ ಬಂದು ನಿಂತಿದ್ದಳು. ಮೇಸ್ತ್ರಿ ಚೌಕಟ್ಟನ್ನು ಎತ್ತಿ ಬೆಳಕಿಗೆ ಹಿಡಿದಿದ್ದ. ಬೆರಳಿನಿಂದ ಆ ಜಾಗ ಸವರಿದ.

“ತಂಗಿ, ಇದು ನಿನ್ನ ಕುಂಚದ ಗೆರೆ. ಸೂಜಿಮೊನೆ ತೂತು ಈಗ ಕಿಟಕಿಯಷ್ಟು ದೊಡ್ಡದಾಗಿದೆಯಾ?”

ಮೇಸ್ತ್ರಿ ಅವಳ ಮುಖ ನೋಡಿದ, ಹುಡುಗಿಯ ಮುಖ ನೋಡಿದ, ಒಣಗಿಸುವ ಯಂತ್ರ ನೋಡಿಬರುತ್ತೇನೆಂದು ಒಳಗೆ ಹೋದ. ಆ ಯಂತ್ರ ಅಂದು ನಡೆಯುತ್ತಲೇ ಇರಲಿಲ್ಲ.

“ಆಂಟಿ, ಅದು ನಿಮ್ಮ ಕಿಟಕಿ ಅಲ್ವಾ?” ಹುಡುಗಿಯ ದನಿ ತಗ್ಗಿತ್ತು. “ಮೊನ್ನೆ ಇಲ್ಲಿ ನೋಡಿದಾಗ ಅನ್ನಿಸ್ತು. ಖಚಿತ ಇರಲಿಲ್ಲ.”

“ಯಾರು ಬರೆಸಿದ್ದು ಹೇಳು ನಿನ್ನ ಕೈಲಿ.”

“ಬರೆಸಿದ್ದಾ? ಯಾರೂ ಇಲ್ಲ. ಈ ಊರಿಗೆ ಬಂದ ಮೊದಲ ವಾರ ನಂಗೆ ನಿದ್ದೆ ಬರ್ತಿರಲಿಲ್ಲ. ವಾಪಸ್ ಹೋಗಿಬಿಡೋಣ ಅಂತ ಪೆಟ್ಟಿಗೆ ಕಟ್ಟಿಟ್ಟಿದ್ದೆ. ಬೆಳಗ್ಗೆ ಐದಕ್ಕೆ ಹೊರಗೆ ಬಂದರೆ ಬೀದಿ ಪೂರ್ತಿ ಕತ್ತಲೆ, ನಿಮ್ಮದೊಂದು ದೀಪ. ಯಾರೋ ಯಾರಿಗೋ ತಲೆ ಬಾಚ್ತಾ ಇದ್ದರು. ಇನ್ನೊಂದು ದಿನ ಇದ್ದು ನೋಡೋಣ ಅನ್ನಿಸ್ತು. ಮರುದಿನಾನೂ ಹಾಗೇ. ಚಿತ್ರದಲ್ಲಿ ಮೊದಲು ಬರೆದಿದ್ದು ಆ ಕಿಟಕಿನೇ ಆಂಟಿ. ಉಳಿದ ಊರನ್ನೆಲ್ಲ ಅದರ ಸುತ್ತ ಬರೆದೆ.”

ಭೂತಗನ್ನಡಿ ಆ ಮಾತಿನಲ್ಲಿ ಎಲ್ಲಿ ಎಳೆ ಬಿಟ್ಟಿದೆ ಎಂದು ಹುಡುಕಿದಳು. ಸಿಗಲಿಲ್ಲ.

“ಹಾಗಾದರೆ ಬೀಗದಮ್ಮನ ಹತ್ತಿರ ಏನು ಕೆಲಸ ನಿಂಗೆ?”

“ಕೇಳದೆ ಬರೆದದ್ದು ತಪ್ಪು ಅನ್ನಿಸ್ತು. ಕೆಳಗಿರೋ ಅಮ್ಮನ್ನ ಕೇಳಿದೆ, ಮೂರನೇ ಮಹಡಿಯ ಇಬ್ಬರಿಗೆ ಬೇಜಾರಾಗುತ್ತಾ ಅಂತ.”

“ಇಬ್ಬರು ಅಂದೆಯಾ? ಬಾಯಿಬಿಟ್ಟು?”

“ಹೂಂ. ಅವರು, ‘ಅಲ್ಲಿರೋದು ಒಬ್ಬಳೇ. ಎರಡನೇದವಳನ್ನ ನಾನು ನೋಡಿಲ್ಲ. ನೀನು ನೋಡಿದ್ರೆ ನಿನ್ನ ಕಣ್ಣು, ಬರಕೋ. ಯಾರ ಹತ್ತಿರಾನೂ ಹೇಳಬೇಡ’ ಅಂದ್ರು. ನಿನ್ನೆ ಅವರಿಗೂ ಒಂದು ಅಂಗಿ ಕೊಟ್ಟು ಬಂದೆ.”

ಬೀಗದಮ್ಮನ ಕಿವಿಗೂ ಬಿತ್ತು, ಕೈಗೂ ಹೋಯಿತು. ಯಾರ ಹತ್ತಿರವೂ ಹೇಳಬೇಡ ಎಂದದ್ದು ಏಕೆ? ಸುದ್ದಿ ಮುಂಚೆ ಸಿಕ್ಕರೆ ಇಲಿ ಬಿಲ ಬದಲಿಸುತ್ತದೆಂದೇ? ಇನ್ನು ಮುಚ್ಚಿ ಪ್ರಯೋಜನವಿರಲಿಲ್ಲ.

ಒಂದು ಬಟ್ಟಲು ನೀರು, ಒಂದು ಮೆತ್ತನೆಯ ಬಟ್ಟೆ ತಂದಳು. ಆ ಹಸಿರು ಅಂಟು ನೀರಿಗೆ ಕರಗುವಂಥದ್ದು. ಹಿಂದಿನಿಂದ ಒಂದು ಕೈ, ಮುಂದಿನಿಂದ ಒಂದು ಕೈ ಇಟ್ಟು ನಿಧಾನವಾಗಿ ಉಜ್ಜಿದಳು. ಮೊದಲು ಡಬ್ಬ ಕಂಡಿತು, ಆಮೇಲೆ ಬಾಚಣಿಗೆ ಹಿಡಿದ ಕೈ, ಕೊನೆಗೆ ಅತ್ತೆಯ ಜಡೆ. ಹುಡುಗಿ ಪಕ್ಕದಲ್ಲಿ ನೀರಿನ ಬಟ್ಟಲು ಹಿಡಿದು ನಿಂತಿದ್ದಳು. ಮೇಸ್ತ್ರಿ ಹೊರಬಂದು ಮಿಕ್ಕಿದ್ದ ಒಂದೇ ಖಾಲಿ ಅಂಗಿಯನ್ನು ಹಾಸಿ ತಾನೇ ಇಂಕು ಎಳೆದ. ಆ ಅಂಗಿಯನ್ನು ಬಿಸಿಲಿಗೆ ಹಾಕಿ ಒಣಗಿಸಿ ಅವಳ ಕೈಗೆ ಕೊಟ್ಟು, “ಇದನ್ನ ಎಡಕ್ಕೆ ಹಾಕ್ತೀಯೋ ಬಲಕ್ಕೋ?” ಎಂದ.

ಅವಳು ಅದನ್ನು ಎಡಕ್ಕೂ ಹಾಕಲಿಲ್ಲ, ಬಲಕ್ಕೂ ಹಾಕಲಿಲ್ಲ. ಚೀಲಕ್ಕೆ ಹಾಕಿಕೊಂಡಳು.

ಆ ಸಂಜೆ ಅತ್ತೆ ಮತ್ತು ಸೊಸೆ ಚೀಲಗಳನ್ನು ಮಂಚದ ಕೆಳಗಿನಿಂದ ಹೊರಗೆಳೆದು ಬಟ್ಟೆ ತುಂಬುತ್ತಿದ್ದರು. ಆಗ ಮೆಟ್ಟಿಲಿನಲ್ಲಿ ಬೀಗದಕೈಗಳ ಸದ್ದು ಕೇಳಿಸಿತು. ಮೊದಲ ಮಹಡಿ. ನಿಂತಿತು. ಎರಡನೇ ಮಹಡಿ. ಮತ್ತೆ ನಿಂತಿತು, ಏದುಸಿರು ಕೇಳಿಸಿತು. ಬೀಗದಮ್ಮ ಎರಡು ವರ್ಷದಿಂದ ಮೇಲೆ ಹತ್ತಿದವಳಲ್ಲ. ಅತ್ತೆ ಸೀರೆ ಒಣಹಾಕಿದ್ದ ಹಗ್ಗದ ಹಿಂದೆ ಹೋಗಿ ನಿಂತಳು. ಸೀರೆಯ ಕೆಳಗೆ ದಪ್ಪ ಕಾಲುಚೀಲದ ಎರಡು ಪಾದ ಕಾಣುತ್ತಿದ್ದವು, ಅದನ್ನು ಸರಿಮಾಡಲು ಹೊತ್ತಿರಲಿಲ್ಲ.

ಬಾಗಿಲು ತೆರೆದಾಗ ಬೀಗದಮ್ಮ ಚೌಕಟ್ಟಿಗೆ ಒರಗಿ ನಿಂತಿದ್ದಳು. ಕೈಯಲ್ಲಿ ಕಡುನೀಲಿ ಅಂಗಿ.

“ಮೂರನೇ ಮಹಡಿ, ಐದನೇ ಕಿಟಕಿ. ನಿಂದೇ ತಾನೆ?”

“ಹೌದಮ್ಮ.”

“ಅಚ್ಚುಮನೆಯಲ್ಲಿರೋಳು ನೀನು. ಯಾಕೆ ಮುಚ್ಚಿದೆ? ಇವತ್ತು ಈ ಅಂಗಿ ಹಾಕ್ಕೊಂಡು ಇಬ್ಬರು ಹುಡುಗರು ಬಂದಿದ್ರು. ಕಿಟಕಿ ಎಣಿಸಿ, ಆ ಕೋಣೆ ಖಾಲಿ ಇದೆಯಾ ಅಂತ ಕೇಳ್ತಾರೆ. ನನ್ನ ಕಟ್ಟಡದಲ್ಲಿ ಯಾವ ಕೋಣೆಯೂ ಖಾಲಿ ಇಲ್ಲ. ಎಷ್ಟು ಜನಕ್ಕೆ ಅಂತ ಉತ್ತರ ಹೇಳಲಿ ನಾನು?”

ಅವಳು ಚೀಲದಿಂದ ಹೊಸ ಅಂಗಿ ತೆಗೆದು ಕೊಟ್ಟಳು. ಬೀಗದಮ್ಮ ಅದನ್ನು ಬಾಗಿಲ ಬೆಳಕಿಗೆ ಹಿಡಿದಳು, ಕಣ್ಣು ಕಿರಿದು ಮಾಡಿದಳು, ಆಮೇಲೆ ಕೈ ಚಾಚಿದಳು. “ಆ ಗಾಜು ಕೊಡು.”

ಗಾಜಿನೊಳಗೆ ಬೀಗದಮ್ಮ ಬಹಳ ಹೊತ್ತು ನೋಡಿದಳು. ಅವಳ ದೃಷ್ಟಿ ಅಂಗಿಯಿಂದ ಎದ್ದು ಕೋಣೆಯೊಳಗೆ ಬಂತು, ಮಂಚದ ಮೇಲಿನ ಅರ್ಧ ತುಂಬಿದ ಚೀಲಗಳ ಮೇಲೆ, ಸೀರೆಯ ಮೇಲೆ, ಸೀರೆಯ ಕೆಳಗಿನ ಪಾದಗಳ ಮೇಲೆ. ಅಲ್ಲಿ ಸ್ವಲ್ಪ ನಿಂತಿತು.

“ಚೆನ್ನಾಗಿದೆ,” ಎಂದಳು. “ಒಬ್ಬಳೇ ಕೂತು ತಲೆ ಬಾಚ್ಕೊಳ್ತಿದ್ದೀಯ.”

“ಹೌದಮ್ಮ.”

“ಆ ಚೀಲಗಳೇನು?”

“ಒಗೆಯೋ ಬಟ್ಟೆ.”

“ಒಗೆದು ಮತ್ತೆ ಒಳಗಿಡು.”

ಸೀರೆಯ ಹಿಂದಿನಿಂದ, ಇಷ್ಟು ಹೊತ್ತು ತಡೆದಿದ್ದ ಕೆಮ್ಮು ಹೊರಗೆ ಬಂತು. ಒಂದಲ್ಲ, ನಾಲ್ಕು. ಮೂಲೆಯ ರೇಡಿಯೋ ಬಾಯಿಮುಚ್ಚಿಕೊಂಡು ಕೂತಿತ್ತು.

ಬೀಗದಮ್ಮ ಹಳೆಯ ಅಂಗಿಯನ್ನು ಅಲ್ಲೇ ಬಿಟ್ಟು ಹೊಸದನ್ನು ಕಂಕುಳಿಗೆ ಸೇರಿಸಿಕೊಂಡಳು. “ನಿನ್ನ ರೇಡಿಯೋಗೆ ಕೆಮ್ಮು ಜಾಸ್ತಿಯಾಗಿದೆ. ಬಿಸಿನೀರು ಕುಡಿಸು. ಬೆಳಗ್ಗೆ ಆ ದೀಪನೂ ಹಚ್ಚು, ಕತ್ತಲಲ್ಲಿ ನೀರಿನ ಮೋಟಾರ್ ಹಾಕೋಕೆ ಹೊರಗೆ ಬಂದರೆ ನಂಗೆ ಹೊತ್ತೇ ಗೊತ್ತಾಗ್ತಿಲ್ಲ,” ಎಂದು ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.

ಭೂತಗನ್ನಡಿ ಬಾಗಿಲು ಮುಚ್ಚಿ ಅದಕ್ಕೆ ಕಿವಿ ಹಚ್ಚಿದಳು. ಬೀಗದಕೈಗಳ ಸದ್ದು ಎರಡನೇ ಮಹಡಿ ದಾಟಿತು, ಮೊದಲನೆಯದು ದಾಟಿತು. ಎಲ್ಲಾದರೂ ನಿಂತು ತಿರುಗಿ ಬರುತ್ತದೆಯೇನೋ ಎಂದು ಕಾದಳು. ಬರಲಿಲ್ಲ.

“ಹೋದಳಾ?” ಸೀರೆ ಕೇಳಿತು.

“ಹೋದರು.”

“ಏನಂದಳು ಕೊನೆಗೆ?”

“ಬಿಸಿನೀರು ಕುಡಿಸಬೇಕಂತೆ.”

“ನಂಗಾ, ರೇಡಿಯೋಗಾ?”

“ರೇಡಿಯೋಗೆ.”

“ಹಾಗಾದ್ರೆ ಸ್ಟವ್ ಹಚ್ಚು,” ಎಂದು ಅತ್ತೆ ಸೀರೆ ಸರಿಸಿಕೊಂಡು ಹೊರಗೆ ಬಂದಳು.